ಆಲ್ಟನ್ನಿನ ನಾಲ್ಕು ಅಚ್ಚುಯಂತ್ರಗಳು

1837ರಲ್ಲಿ ಮಿಸಿಸಿಪ್ಪಿ ನದಿಯ ಆಚೆ ದಡದಲ್ಲಿ ದುಡ್ಡು ಕೊಟ್ಟು ಮನುಷ್ಯರನ್ನು ಕೊಳ್ಳಬಹುದಿತ್ತು. ಈಚೆ ದಡದಲ್ಲಿ, ಅಂದರೆ ಇಲಿನಾಯ್ ರಾಜ್ಯದ ಆಲ್ಟನ್ ಊರಿನಲ್ಲಿ, ಕೊಳ್ಳುವಂತಿರಲಿಲ್ಲ. ದಕ್ಕೆಯ ಮೇಲೆ ನಿಂತವನಿಗೆ ಎರಡು ಬೇರೆ ಬೇರೆ ಕಾನೂನುಗಳ ನೆಲ ಒಂದೇ ನೋಟಕ್ಕೆ ಸಿಗುತ್ತಿತ್ತು. ಕಾಲ ಕೆಳಗೆ ಇಲಿನಾಯ್, ಎದುರಿಗೆ ಮಿಸೌರಿ, ನಡುವೆ ಕೆಸರು ಬಣ್ಣದ ನೀರು. ಹಾಗೆಂದು ಈಚೆ ದಡದವರೆಲ್ಲ ಗುಲಾಮಗಿರಿಯ ವಿರೋಧಿಗಳೆಂದು ತಿಳಿಯಬಾರದು. ಕರಾರುಪತ್ರದ ಹೆಸರಿನಲ್ಲಿ ಕಪ್ಪು ಜನರನ್ನು ವರ್ಷಗಟ್ಟಲೆ ದುಡಿಸಿಕೊಳ್ಳುವುದು ಇಲಿನಾಯ್‌ನಲ್ಲೂ ನಡೆದಿತ್ತು. ಆಲ್ಟನ್ನಿನ ವರ್ತಕರ ಸರಕು ಇಳಿಯುತ್ತಿದ್ದದ್ದು ದಕ್ಷಿಣದ ಬಂದರುಗಳಲ್ಲಿ. ಕೊಳ್ಳುವವನ ಮನಸ್ಸು ನೋಯಿಸಿ ವ್ಯಾಪಾರ ಮಾಡುವುದು ಹೇಗೆ?

ಊರು ಹುಟ್ಟಿ ಆಗಿನ್ನೂ ಇಪ್ಪತ್ತು ವರ್ಷವಾಗಿರಲಿಲ್ಲ. ರೂಫಸ್ ಈಸ್ಟನ್ ಎಂಬ ವಕೀಲ 1818ರಲ್ಲಿ ಇಲ್ಲಿ ನಿವೇಶನ ಹಾಕಿಸಿ, ಊರಿಗೆ ತನ್ನ ಮಗನ ಹೆಸರಿಟ್ಟ. ಬೀದಿಗಳಿಗೂ ಮನೆಮಕ್ಕಳ ಹೆಸರುಗಳೇ ಬಂದವು. ಜಾಗ ಹುಡುಕುವುದರಲ್ಲಿ ಆತ ಜಾಣ. ಇಲಿನಾಯ್ ನದಿ ಸ್ವಲ್ಪ ಮೇಲ್ಗಡೆ ಮಿಸಿಸಿಪ್ಪಿಯನ್ನು ಕೂಡುತ್ತದೆ, ಮಿಸೌರಿ ನದಿ ಸ್ವಲ್ಪ ಕೆಳಗಡೆ. ಮೂರು ಹೊಳೆಗಳ ಸರಕು ಇಳಿಯುವ ಜಾಗ. ಹಿಂದುಗಡೆ ಗೋಡೆಯಂತೆ ಎದ್ದುನಿಂತ ಸುಣ್ಣಕಲ್ಲಿನ ದರಿ. 1673ರಲ್ಲಿ ದೋಣಿಯಲ್ಲಿ ಈ ದಾರಿಯಾಗಿ ಬಂದ ಫ್ರೆಂಚ್ ಪಾದ್ರಿ ಮಾರ್ಕೆಟ್, ಈ ದರಿಗಳ ಮೇಲೆ ಕೊಂಬು, ಗಡ್ಡ, ಉದ್ದ ಬಾಲದ ಭಯಂಕರ ಪ್ರಾಣಿಗಳ ಚಿತ್ರ ನೋಡಿದ್ದಾಗಿ ಬರೆದಿಟ್ಟಿದ್ದಾನೆ. ಮೂಲನಿವಾಸಿಗಳು ಬರೆದ ಆ ಚಿತ್ರಗಳು ಉಳಿಯಲಿಲ್ಲ. ಕಲ್ಲುಗಣಿಯವರು 19ನೆಯ ಶತಮಾನದಲ್ಲಿ ಬಂಡೆಯನ್ನೇ ಒಡೆದು ತೆಗೆದರು. ಈಗ ನದಿರಸ್ತೆಯಲ್ಲಿ ಹೋಗುವವರಿಗೆ ಕಾಣುವ ‘ಪಾಯಸಾ ಹಕ್ಕಿ’ ಎಂಬ ಚಿತ್ರ ಆಮೇಲಿನವರು ಮತ್ತೆ ಮತ್ತೆ ಬರೆದದ್ದು.

1830ರ ದಶಕದ ಆಲ್ಟನ್ನಿಗೆ ಒಂದೇ ಕನಸು: ಇಪ್ಪತ್ತು ಮೈಲಿ ಕೆಳಗಿನ ಸೇಂಟ್ ಲೂಯಿಸ್ ನಗರವನ್ನು ಹಿಂದೆ ಹಾಕಬೇಕು. ದಡದುದ್ದಕ್ಕೂ ಕಲ್ಲಿನ ಗೋದಾಮುಗಳೆದ್ದವು. 1833ರಲ್ಲಿ ರಾಜ್ಯದ ಮೊದಲ ಸೆರೆಮನೆಯೂ ಇಲ್ಲೇ ಬಂತು. 1837ರಲ್ಲಿ ನಗರದ ಪಟ್ಟ ಸಿಕ್ಕಿ, ಜಾನ್ ಕ್ರಮ್ ಎಂಬ ವಕೀಲ ಮೊದಲ ಮೇಯರ್ ಆದ. ಅದೇ ವರ್ಷ ದೇಶದ ಬ್ಯಾಂಕುಗಳು ಕುಸಿದು ವ್ಯಾಪಾರ ನೆಲಕಚ್ಚಿತು. ಕೈಯಲ್ಲಿ ಕಾಸಿಲ್ಲದ, ಮುಂದಿನ ದಾರಿ ಕಾಣದ ಊರಿಗೆ ಸಿಟ್ಟು ತೀರಿಸಿಕೊಳ್ಳಲು ಒಬ್ಬ ಮನುಷ್ಯ ಬೇಕಾಗಿದ್ದ. ಅವನು ಒಂದು ವರ್ಷದ ಹಿಂದೆಯೇ ಊರಿಗೆ ಬಂದಿದ್ದ.

ಎಲೈಜಾ ಪ್ಯಾರಿಶ್ ಲವ್‌ಜಾಯ್ ಹುಟ್ಟಿದ್ದು 1802ರ ನವೆಂಬರ್ 9ರಂದು, ದೂರದ ಮೇನ್ ಪ್ರಾಂತ್ಯದ ಆಲ್ಬಿಯನ್ ಹಳ್ಳಿಯಲ್ಲಿ. ಅಪ್ಪ ಪಾದ್ರಿ. ಕಾಲೇಜು ಮುಗಿಸಿ ಪಶ್ಚಿಮಕ್ಕೆ ಹೊರಟು ಸೇಂಟ್ ಲೂಯಿಸ್ ಸೇರಿದ. ಮೇಷ್ಟರ ಕೆಲಸ ಮಾಡಿದ, ಪತ್ರಿಕೆ ನಡೆಸಿದ, ಆಮೇಲೆ ಪ್ರಿನ್ಸ್‌ಟನ್‌ನಲ್ಲಿ ಧರ್ಮಶಾಸ್ತ್ರ ಓದಿ ಪಾದ್ರಿಯಾಗಿ ಮರಳಿದ. 1833ರಲ್ಲಿ ‘ಸೇಂಟ್ ಲೂಯಿಸ್ ಅಬ್ಸರ್ವರ್’ ಎಂಬ ಧಾರ್ಮಿಕ ವಾರಪತ್ರಿಕೆ ಹೊರಡಿಸಿದ. ಈತನನ್ನು ಹುಟ್ಟಾ ಸಂತನೆಂದು ಚಿತ್ರಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕ್ಯಾಥೊಲಿಕರ ಮೇಲೆ ಆತ ಬರೆದ ಬರಹಗಳಲ್ಲಿ ದ್ವೇಷದ ಕಹಿ ಇದೆ. ಗುಲಾಮಗಿರಿಯನ್ನು ತಟ್ಟನೆ ತೆಗೆಯಬೇಕೆಂಬವರ ಜೊತೆಗೂ ಆತ ಮೊದಲು ಇರಲಿಲ್ಲ. ನಿಧಾನಕ್ಕೆ ಹೋಗಲಿ ಎನ್ನುತ್ತಿದ್ದವನು. ಅವನನ್ನು ಬದಲಿಸಿದ್ದು ಅವನು ಕಂಡ ಸಂಗತಿಗಳು ಮತ್ತು ಬಾಯಿ ಮುಚ್ಚಿಸಲು ಬಂದ ಜನ.

1836ರ ಏಪ್ರಿಲ್ 28ರಂದು ಸೇಂಟ್ ಲೂಯಿಸ್‌ನಲ್ಲಿ ಫ್ರಾನ್ಸಿಸ್ ಮೆಕಿಂಟಾಶ್ ಎಂಬ ಕಪ್ಪು ಯುವಕನನ್ನು ಸುಟ್ಟು ಕೊಂದರು. ಅವನು ಗುಲಾಮನಲ್ಲ, ಉಗಿ ಹಡಗಿನಲ್ಲಿ ಕೆಲಸಕ್ಕಿದ್ದ ಸ್ವತಂತ್ರ ಮನುಷ್ಯ. ಬಂಧಿಸಿ ಒಯ್ಯುವಾಗ ಅವನ ಚಾಕುವಿನ ಏಟಿಗೆ ಒಬ್ಬ ಅಧಿಕಾರಿ ಸತ್ತು ಇನ್ನೊಬ್ಬ ಗಾಯಗೊಂಡಿದ್ದ. ಗುಂಪು ಅವನನ್ನು ಜೈಲಿನಿಂದ ಎಳೆದು ತಂದು ಮರಕ್ಕೆ ಕಟ್ಟಿ ಬೆಂಕಿ ಹಚ್ಚಿತು. ವಿಚಾರಣೆಯ ಹೊತ್ತಿಗೆ ನ್ಯಾಯಾಧೀಶ ಲ್ಯೂಕ್ ಲಾಲೆಸ್ ಜೂರಿಗೆ ಕೊಟ್ಟ ಸೂಚನೆ ಏನು ಗೊತ್ತೆ? ನಾಲ್ಕಾರು ಮಂದಿ ಮಾಡಿದ ಕೊಲೆಯಾದರೆ ಆರೋಪ ಹೊರಿಸಿ, ಲೆಕ್ಕವಿಲ್ಲದಷ್ಟು ಜನ ಸೇರಿ ಮಾಡಿದ್ದಾದರೆ ಕಾನೂನಿಗೆ ಅದು ಎಟುಕದ್ದು, ಬಿಟ್ಟುಬಿಡಿ ಎಂದು. ಸಾಲದ್ದಕ್ಕೆ ಲವ್‌ಜಾಯ್‌ನ ಪತ್ರಿಕೆಯಂಥವೇ ಕಪ್ಪು ಜನರನ್ನು ಕೆರಳಿಸುತ್ತವೆ ಎಂದೂ ಸೇರಿಸಿದ. ಲವ್‌ಜಾಯ್ ಆ ನ್ಯಾಯಾಧೀಶನನ್ನು ಹೆಸರು ಹಿಡಿದು ಖಂಡಿಸಿ ಬರೆದ. ಜುಲೈನಲ್ಲಿ ಅವನ ಕಚೇರಿಗೆ ಗುಂಪು ನುಗ್ಗಿತು. ಗುಲಾಮಗಿರಿ ಇಲ್ಲದ ದಡದಲ್ಲಾದರೂ ನೆಮ್ಮದಿಯಾಗಿ ಬರೆಯಬಹುದೆಂದು ಆತ ಪತ್ರಿಕೆಯನ್ನು ಆಲ್ಟನ್ನಿಗೆ ಎತ್ತಿದ.

ಅಚ್ಚುಯಂತ್ರ ಹಡಗಿನಲ್ಲಿ ಬಂದು ಇಳಿದ ದಿನ ಭಾನುವಾರ. ಭಾನುವಾರ ಕೆಲಸ ಮಾಡುವುದು ದೇವರಿಗೆ ಅಪಚಾರವೆಂದು ಲವ್‌ಜಾಯ್ ಅದನ್ನು ದಕ್ಕೆಯ ಮೇಲೇ ಬಿಟ್ಟ. ಬೆಳಗಾಗುವುದರೊಳಗೆ ಯಾರೋ ಅದನ್ನು ನದಿಗೆ ತಳ್ಳಿದ್ದರು. ಅದು ಮೊದಲನೆಯದು.

ಆ ಕಾಲದ ಕೈಯಂತ್ರವೆಂದರೆ ಏನೆಂದು ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ ಊರುಗಳ ಟ್ರೆಡಲ್ ಪ್ರೆಸ್ಸಿನಲ್ಲಿ ಮದುವೆ ಕಾಗದ ಅಚ್ಚಾಗುವುದನ್ನು ಕಂಡವರಿಗೆ ಅರ್ಧ ಅರ್ಥವಾದೀತು. ಆಳೆತ್ತರದ ಎರಕದ ಕಬ್ಬಿಣದ ಚೌಕಟ್ಟು. ಸೀಸದ ಮೊಳೆಗಳನ್ನು ಒಂದೊಂದಾಗಿ ಆರಿಸಿ, ಸಾಲು ಕಟ್ಟಿ, ಪುಟ ಬಿಗಿದು ಮಂಚದ ಮೇಲಿಡಬೇಕು. ಒಬ್ಬ ಮಸಿಯ ರೋಲರ್ ಉರುಳಿಸುತ್ತಾನೆ. ಇನ್ನೊಬ್ಬ ಕಾಗದ ಹಾಸಿ, ಮಂಚವನ್ನು ಒಳಗೆ ಸರಿಸಿ, ಉದ್ದನೆಯ ಹಿಡಿಯನ್ನು ಎದೆಯವರೆಗೆ ಎಳೆಯುತ್ತಾನೆ. ಭಾರದ ಹಲಗೆ ಕಾಗದದ ಮೇಲೆ ಕೂರುತ್ತದೆ. ಪಳಗಿದ ಇಬ್ಬರು ಸೇರಿ ಗಂಟೆಗೆ ಇನ್ನೂರು, ಇನ್ನೂರೈವತ್ತು ಹಾಳೆ ತೆಗೆದರೆ ಹೆಚ್ಚು. ಇಂಥ ಯಂತ್ರವನ್ನು ನದಿಗೆ ನೂಕುವುದು ಒಬ್ಬಿಬ್ಬರ ಕೈಲಾಗುವ ಕೆಲಸವಲ್ಲ. ಹತ್ತು ಹೆಗಲು ಕೂಡಬೇಕು. ಆಲ್ಟನ್ನಿನಲ್ಲಿ ಹದಿನಾರು ತಿಂಗಳಲ್ಲಿ ನಾಲ್ಕು ಸಲ ಅಷ್ಟು ಹೆಗಲು ಕೂಡಿದವು.

ಮೊದಲ ಸಲ ಊರಿನ ಗಣ್ಯರಿಗೇ ನಾಚಿಕೆಯಾಯಿತು. ಸಭೆ ಸೇರಿ ಕೃತ್ಯವನ್ನು ಖಂಡಿಸಿದರು. ಹೊಸ ಯಂತ್ರಕ್ಕೆ ಹಣ ಕೊಡುವ ಮಾತಾಡಿದರು. ಆ ಸಭೆಯಲ್ಲಿ ಲವ್‌ಜಾಯ್ ಆಡಿದ ಮಾತೇ ಮುಂದೆ ಜಗಳದ ಬೀಜವಾಯಿತು. ತನ್ನದು ಗುಲಾಮಗಿರಿ ವಿಚಾರದ ಪತ್ರಿಕೆಯಲ್ಲ, ಧರ್ಮದ ಪತ್ರಿಕೆ. ಆದರೆ ಬೇಕೆನಿಸಿದ್ದನ್ನು ಬರೆಯುವ ಹಕ್ಕನ್ನು ಬಿಟ್ಟುಕೊಡುವುದಿಲ್ಲ ಎಂಬುದು ಆ ಮಾತಿನ ಸಾರ. ಊರಿನವರು ಮೊದಲರ್ಧವನ್ನು ವಚನವೆಂದು ಕೇಳಿಸಿಕೊಂಡರು. ಅವನು ಎರಡನೆಯ ಅರ್ಧವನ್ನು ವಚನವಾಗಿ ಬದುಕಿದ.

‘ಆಲ್ಟನ್ ಅಬ್ಸರ್ವರ್’ ಮೊದಲ ಸಂಚಿಕೆ 1836ರ ಸೆಪ್ಟೆಂಬರ್ 8ರಂದು ಹೊರಬಂತು. ವರ್ಷ ಕಳೆಯುವುದರೊಳಗೆ ಆತನ ದನಿ ಬದಲಾಗಿತ್ತು. 1837ರ ಜುಲೈ 4ರ ಸ್ವಾತಂತ್ರ್ಯೋತ್ಸವದ ಹೊತ್ತಿಗೆ, ಲಕ್ಷಾಂತರ ಮನುಷ್ಯರನ್ನು ಸರಪಳಿಯಲ್ಲಿಟ್ಟು ಬಿಡುಗಡೆಯ ಹಬ್ಬ ಮಾಡುವ ದೇಶದ ಬಗ್ಗೆ ಎದೆ ಉರಿದು ಬರೆದ. ಇಲಿನಾಯ್‌ನಲ್ಲಿ ಗುಲಾಮಗಿರಿ ವಿರೋಧಿ ಸಂಘ ಕಟ್ಟೋಣ ಎಂದು ಕರೆ ಕೊಟ್ಟ. ಮಾತು ತಪ್ಪಿದನೆಂದು ಊರು ಕೂಗಿತು.

ಆಗಸ್ಟ್ 21ರ ರಾತ್ರಿ ಕಾಯಿಲೆಯ ಹೆಂಡತಿಗೆ ಔಷಧ ತೆಗೆದುಕೊಂಡು ಲವ್‌ಜಾಯ್ ಒಬ್ಬನೇ ಮನೆಗೆ ನಡೆದು ಬರುತ್ತಿದ್ದ. ದಾರಿಯಲ್ಲಿ ಗುಂಪು ಅಡ್ಡ ಹಾಕಿತು. ಮೈಗೆ ಟಾರು ಬಳಿದು, ಹಕ್ಕಿಪುಕ್ಕ ಮೆತ್ತಿ ಮೆರವಣಿಗೆ ಮಾಡಿಸುವ ಎಣಿಕೆ ಅವರದು. ಆತ ಕೂಗಾಡಲಿಲ್ಲ. ಕೈಯಲ್ಲಿದ್ದ ಔಷಧ ನೀಡಿ, ನಿಮ್ಮಲ್ಲೊಬ್ಬರು ಇದನ್ನು ನನ್ನ ಹೆಂಡತಿಗೆ ಮುಟ್ಟಿಸಿ, ಅವಳು ಹೆದರದ ಹಾಗೆ ಮುಟ್ಟಿಸಿ, ಆಮೇಲೆ ನಿಮ್ಮ ಇಷ್ಟ ಎಂದ. ಗುಂಪಿನ ಕೈ ಸಡಿಲವಾಯಿತು. ಅವನನ್ನು ಬಿಟ್ಟರು. ಆದರೆ ಅದೇ ರಾತ್ರಿ ಕಚೇರಿಗೆ ನುಗ್ಗಿದ ಜನ ಎರಡನೆಯ ಯಂತ್ರವನ್ನು ಚೂರು ಮಾಡಿದರು. ಈ ಇಡೀ ಕಥೆಯಲ್ಲಿ ನಾನು ಮತ್ತೆ ಮತ್ತೆ ಮರಳುವುದು ಆ ಕತ್ತಲ ರಸ್ತೆಗೆ. ಆ ಗುಂಪಿನಲ್ಲಿದ್ದವರೂ ಮನೆಯಲ್ಲಿ ಔಷಧ ಕಾಯುವವರನ್ನು ಬಿಟ್ಟು ಬಂದಿದ್ದವರೇ. ಆ ಕ್ಷಣದ ಮರುಕ ಮೂರು ತಿಂಗಳೂ ಬಾಳಲಿಲ್ಲ.

ಮೂರನೆಯ ಯಂತ್ರ ಸೆಪ್ಟೆಂಬರ್ 21ರಂದು ಬಂತು. ಲವ್‌ಜಾಯ್ ಊರಲ್ಲಿರಲಿಲ್ಲ. ಗೋದಾಮಿನ ಬಾಗಿಲಿಗೆ ಮೇಯರ್ ಒಬ್ಬ ಕಾನ್‌ಸ್ಟೇಬಲನ್ನು ನಿಲ್ಲಿಸಿದ. ರಾತ್ರಿ ಅವನು ಪಾಳಿ ಮುಗಿಸಿ ಹೋದ ಮೇಲೆ ಮುಖ ಮುಚ್ಚಿಕೊಂಡವರು ಬಂದರು. ಯಂತ್ರವನ್ನು ದಡಕ್ಕೆ ಉರುಳಿಸಿ, ಒಡೆದು, ನೀರಿಗೆ ಹಾಕಿದರು. ಅಕ್ಟೋಬರಿನಲ್ಲಿ ಮಿಸೌರಿಯ ಸೇಂಟ್ ಚಾರ್ಲ್ಸ್‌ನಲ್ಲಿ ಅತ್ತೆಯ ಮನೆಗೆ ಹೋಗಿದ್ದಾಗ ಅಲ್ಲಿಯೂ ಗುಂಪು ನುಗ್ಗಿತು. ಹೆಂಡತಿ ಸೀಲಿಯಾ ಗಂಡನಿಗೆ ಅಡ್ಡ ನಿಂತು, ಬಂದವರ ಮುಖಕ್ಕೆ ಹೊಡೆದು ಕಾದಳು.  ಮನೆಯಲ್ಲಿ ಬಂದೂಕು ಪಕ್ಕದಲ್ಲಿಟ್ಟುಕೊಂಡು ಮಲಗುವ ದಿನಗಳು ಬಂದವು.

ಅಕ್ಟೋಬರ್ ಕೊನೆಗೆ ಮೇಲಣ ಆಲ್ಟನ್ನಿನಲ್ಲಿ ಗುಲಾಮಗಿರಿ ವಿರೋಧಿ ಸಂಘ ಹುಟ್ಟಿತು. ಇಲಿನಾಯ್ ಕಾಲೇಜಿನ ಅಧ್ಯಕ್ಷ ಎಡ್ವರ್ಡ್ ಬೀಚರ್ ಜೊತೆಗಿದ್ದ. ಎದುರು ಪಾಳೆಯವನ್ನು ಮುನ್ನಡೆಸಿದವನು ಅಶರ್ ಲಿಂಡರ್. ಅವನು ಬೀದಿಯ ಪುಂಡನಲ್ಲ, ರಾಜ್ಯದ ಅಟಾರ್ನಿ ಜನರಲ್. ನವೆಂಬರ್ 3ರ ಸಾರ್ವಜನಿಕ ಸಭೆಯಲ್ಲಿ, ಊರಿನ ಶಾಂತಿಗಾಗಿ ಲವ್‌ಜಾಯ್ ಆಲ್ಟನ್ ಬಿಡಬೇಕೆಂದು ಠರಾವಾಯಿತು. ಉತ್ತರ ಕೊಡಲು ಆತ ಎದ್ದು ನಿಂತ. ತಪ್ಪು ಮಾಡಿದ್ದರೆ ಕಾನೂನಿನಂತೆ ಶಿಕ್ಷಿಸಿ, ಓಡಿಸಬೇಡಿ. ಓಡಿ ಹೋದರೆ ದಾರಿಯುದ್ದಕ್ಕೂ ನನ್ನ ದೇವರನ್ನು ಬಿಟ್ಟು ಓಡಿದಂತಾಗುತ್ತದೆ. ಸತ್ತರೆ ಈ ಊರಲ್ಲೇ ಮಣ್ಣಾಗುತ್ತೇನೆ ಎಂಬ ಅರ್ಥದ ಮಾತುಗಳವು. ಮಾತಿನ ನಡುವೆ ಅತ್ತ. ಕೇಳುತ್ತಿದ್ದವರಲ್ಲೂ ಕೆಲವರು ಕಣ್ಣೊರೆಸಿಕೊಂಡರು. ಠರಾವು ಮಾತ್ರ ಬದಲಾಗಲಿಲ್ಲ.

ನಾಲ್ಕನೆಯ ಯಂತ್ರ ನವೆಂಬರ್ 7ರ ಬೆಳಗಿನ ಜಾವ ಮೂರರ ಹೊತ್ತಿಗೆ ‘ಮಿಸೌರಿ ಫುಲ್ಟನ್’ ಎಂಬ ಉಗಿ ಹಡಗಿನಲ್ಲಿ ಬಂತು. ಕತ್ತಲಲ್ಲೇ ಅದನ್ನು ಗಾಡ್‌ಫ್ರೆ ಮತ್ತು ಗಿಲ್‌ಮನ್ ಎಂಬ ವರ್ತಕರ ಕಲ್ಲಿನ ಗೋದಾಮಿಗೆ ಸಾಗಿಸಿ, ಮೇಲಿನ ಅಂತಸ್ತಿಗೆ ಏರಿಸಿದರು. ದಿನವೆಲ್ಲ ಸದ್ದಿಲ್ಲ. ಅಪಾಯ ಕಳೆಯಿತೆಂದು ಬೀಚರ್ ತನ್ನೂರಿಗೆ ಹೊರಟ. ಕಾವಲಿಗೆ ಬಂದ ಹಲವರು ರಾತ್ರಿ ಊಟಕ್ಕೆ ಮನೆಗೆ ಹೋದರು. ಒಳಗೆ ಉಳಿದವರು ಇಪ್ಪತ್ತರ ಆಸುಪಾಸು. ಹತ್ತು ಗಂಟೆಯ ಹೊತ್ತಿಗೆ ಹೆಂಡದಂಗಡಿಗಳಿಂದ ಗುಂಪು ಇಳಿದು ಬಂತು. ಬೆಳದಿಂಗಳ ರಾತ್ರಿ. ಎದುರುಬದುರು ನಿಂತವರ ಮುಖ ಒಬ್ಬರಿಗೊಬ್ಬರಿಗೆ ಗುರುತು ಸಿಗುವಷ್ಟು ಬೆಳಕು.

ಯಂತ್ರ ಕೊಡಿ ಎಂದರು ಹೊರಗಿನವರು. ಕೊಡೆವು ಎಂದ ಒಳಗಿದ್ದ ಗಿಲ್‌ಮನ್. ಮೊದಲು ಕಲ್ಲು, ಆಮೇಲೆ ಗುಂಡು. ಲೈಮನ್ ಬಿಶಪ್ ಎಂಬ ಯುವಕ ಹೊರಗಿನ ಗುಂಪಿನಲ್ಲಿ ಬಿದ್ದು ಪ್ರಾಣ ಬಿಟ್ಟ. ಮೇಯರ್ ಕ್ರಮ್ ಹೊರಗಿನವರ ಷರತ್ತು ಹೊತ್ತು ಒಳಗೆ ಹೋದ, ಒಳಗಿನವರ ಉತ್ತರ ಹೊತ್ತು ಹೊರಗೆ ಬಂದ. ನಗರದ ಮೊದಲ ಮೇಯರ್‌ಗೆ ಆ ರಾತ್ರಿ ದೂತನ ಕೆಲಸ ಬಿಟ್ಟರೆ ಬೇರೆ ಅಧಿಕಾರ ಉಳಿದಿರಲಿಲ್ಲ. ಪ್ರೆಸ್ಬಿಟೇರಿಯನ್ ಚರ್ಚಿನ ಪಾದ್ರಿಯ ಹೆಂಡತಿ ಗಂಟೆ ಬಾರಿಸಿ ಊರನ್ನು ಕರೆದಳು. ಬಂದವರಲ್ಲಿ ಬಿಡಿಸುವವರಿಗಿಂತ ನೋಡುವವರೇ ಹೆಚ್ಚು.

ಕಿಟಕಿಯಿಲ್ಲದ ಪಕ್ಕದ ಗೋಡೆಗೆ ಏಣಿ ಬಂತು. ಮರದ ಹಲಗೆಯ ಮಾಡಿಗೆ ಬೆಂಕಿ ಇಡಲು ಒಬ್ಬ ಹತ್ತತೊಡಗಿದ. ಲವ್‌ಜಾಯ್ ಮತ್ತು ರಾಯಲ್ ವೆಲ್ಲರ್ ಹೊರಗೆ ಓಡಿ ಏಣಿ ಕೆಡವಿ ಒಳಗೆ ಬಂದರು. ಏಣಿ ಮತ್ತೆ ಎದ್ದಿತು. ಮತ್ತೆ ಹೊರಗೆ ಹೋದರು. ಈ ಸಲ ಮರದ ದಿಮ್ಮಿಗಳ ರಾಶಿಯ ಮರೆಯಲ್ಲಿ ಬಂದೂಕುಗಳು ಕಾದಿದ್ದವು. ಲವ್‌ಜಾಯ್‌ಗೆ ಐದು ಗುಂಡು ತಗುಲಿದವು. ಹೇಗೋ ಒಳಗೆ ಬಂದು, ಮೆಟ್ಟಿಲು ಹತ್ತಿ, ಅಲ್ಲೇ ಕುಸಿದು ಸತ್ತ. ಉಳಿದವರು ಪ್ರಾಣ ಉಳಿಸಿಕೊಳ್ಳಲು ಓಡಿದರು. ಗುಂಪು ತಾನು ಹಚ್ಚಿದ ಬೆಂಕಿಯನ್ನು ತಾನೇ ಆರಿಸಿತು. ಗೋದಾಮನ್ನು ಸುಡುವುದು ಅದಕ್ಕೆ ಬೇಕಿರಲಿಲ್ಲ. ಮೇಲಕ್ಕೆ ಹೋಗಿ, ಇನ್ನೂ ಒಂದು ಹಾಳೆಯನ್ನೂ ಅಚ್ಚು ಮಾಡದ ಯಂತ್ರವನ್ನು ಕಿಟಕಿಯಿಂದ ಕೆಳಗೆ ನೂಕಿ, ಸುತ್ತಿಗೆಯಿಂದ ಒಡೆದು, ನದಿಗೆ ಹಾಕಿತು.

ನವೆಂಬರ್ 9ರಂದು ಅವನನ್ನು ಹೂತರು. ಅಂದು ಬದುಕಿದ್ದರೆ ಮೂವತ್ತೈದು ತುಂಬುತ್ತಿತ್ತು. ಗೋರಿಯ ಮೇಲೆ ಹೆಸರು ಬರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಜನವರಿಯಲ್ಲಿ ವಿಚಾರಣೆ ನಡೆಯಿತು. ಮೊದಲು ಕಟಕಟೆ ಏರಿದವರು ಗೋದಾಮು ಕಾಯ್ದ ಗಿಲ್‌ಮನ್ ಮತ್ತು ಸಂಗಡಿಗರು! ದೊಂಬಿ ಮಾಡಿದರೆಂಬ ಆರೋಪ. ಅವರು ಖುಲಾಸೆಯಾದರು. ಆಮೇಲೆ ದಾಳಿ ಮಾಡಿದವರ ಸರದಿ, ಅವರೂ ಖುಲಾಸೆ. ಕೊಲೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ.

ಸುದ್ದಿ ಮಾತ್ರ ನದಿಗಿಂತ ವೇಗವಾಗಿ ಹರಿಯಿತು. ಬಾಸ್ಟನ್ನಿನ ಫೆನ್ಯುಯಿಲ್ ಸಭಾಂಗಣದಲ್ಲಿ ವೆಂಡೆಲ್ ಫಿಲಿಪ್ಸ್ ಎಂಬ ಯುವ ವಕೀಲ ಲವ್‌ಜಾಯ್ ಪರ ಎದ್ದು ಮಾತಾಡಿ ಒಂದೇ ದಿನದಲ್ಲಿ ಹೆಸರಾದ. ಒಹಾಯೊದ ಹಡ್ಸನ್ ಊರಿನ ಚರ್ಚಿನಲ್ಲಿ ಜಾನ್ ಬ್ರೌನ್ ಬಲಗೈ ಎತ್ತಿ, ಗುಲಾಮಗಿರಿಯ ನಾಶಕ್ಕೆ ತನ್ನ ಬದುಕನ್ನು ಮುಡಿಪಿಟ್ಟ. 1838ರ ಜನವರಿ 27ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಇಪ್ಪತ್ತೆಂಟರ ಅಬ್ರಹಾಂ ಲಿಂಕನ್ ಗುಂಪುಗಲಭೆಗಳ ವಿರುದ್ಧ ಭಾಷಣ ಮಾಡಿದ. ಮೆಕಿಂಟಾಶ್‌ನ ಹೆಸರು ಹೇಳಿದ. ಅಚ್ಚುಯಂತ್ರಗಳನ್ನು ನದಿಗೆ ಎಸೆದು ಸಂಪಾದಕರನ್ನು ಗುಂಡಿಕ್ಕುವ ಬಗ್ಗೆಯೂ ಹೇಳಿದ. ಲವ್‌ಜಾಯ್ ಹೆಸರನ್ನು ಎತ್ತಲಿಲ್ಲ. ಕೇಳುಗರಿಗೆ ಎತ್ತುವ ಅಗತ್ಯವೂ ಇರಲಿಲ್ಲ. ಅಣ್ಣನ ಹೆಣದ ಮುಂದೆ ಶಪಥ ಮಾಡಿದ ಓವೆನ್ ಲವ್‌ಜಾಯ್ ಮುಂದೆ ಕಾಂಗ್ರೆಸ್ ಸದಸ್ಯನಾಗಿ, ಲಿಂಕನ್ನನ ಗೆಳೆಯನಾಗಿ, ಆ ಶಪಥವನ್ನು ಕೊನೆಯವರೆಗೂ ನಡೆಸಿದ.

1858ರ ಅಕ್ಟೋಬರ್ 15ರಂದು ಲಿಂಕನ್ ಆಲ್ಟನ್ನಿಗೇ ಬಂದ. ಸ್ಟೀಫನ್ ಡಗ್ಲಸ್ ಜೊತೆಗಿನ ಏಳು ಚರ್ಚೆಗಳಲ್ಲಿ ಕೊನೆಯದು ಇಲ್ಲಿನ ಹೊಸ ನಗರಸಭೆ ಕಟ್ಟಡದ ಮುಂದೆ ನಡೆಯಿತು. ಲವ್‌ಜಾಯ್ ಸತ್ತ ದಡ ಅಲ್ಲಿಂದ ಕಾಲ್ನಡಿಗೆಯ ದೂರ. ಕಟ್ಟಡ 1923ರಲ್ಲಿ ಸುಟ್ಟುಹೋಯಿತು. ಈಗ ಅಲ್ಲಿ ಇಬ್ಬರ ಕಂಚಿನ ಪ್ರತಿಮೆಗಳಿವೆ. ಆದರೆ ನನಗೆ ಅದಕ್ಕಿಂತ ಹೆಚ್ಚಿನದಾಗಿ ಕಾಣುವುದು ಇನ್ನೊಂದು ಮನೆ. ಸೆನೆಟರ್ ಲೈಮನ್ ಟ್ರಂಬುಲ್ ಇದ್ದ ಇಟ್ಟಿಗೆ ಮನೆ ಆಲ್ಟನ್ನಿನಲ್ಲಿ ಇನ್ನೂ ನಿಂತಿದೆ. ಗುಲಾಮಗಿರಿಯನ್ನು ದೇಶದಿಂದಲೇ ತೆಗೆದುಹಾಕಿದ ಸಂವಿಧಾನದ 13ನೆಯ ತಿದ್ದುಪಡಿ, ಆತನ ಅಧ್ಯಕ್ಷತೆಯ ನ್ಯಾಯ ಸಮಿತಿಯಲ್ಲಿ ರೂಪ ಪಡೆಯಿತು. 1865ರ ಫೆಬ್ರವರಿ 1ರಂದು ಅದನ್ನು ಎಲ್ಲಕ್ಕೂ ಮೊದಲು ಅನುಮೋದಿಸಿದ ರಾಜ್ಯ ಇಲಿನಾಯ್.

ಆ ನಡುವೆ ಅಂತರ್ಯುದ್ಧ ಬಂದು ಹೋಯಿತು. 1860ರಲ್ಲಿ ಮುಚ್ಚಿದ್ದ ಹಳೆಯ ಸೆರೆಮನೆ 1862ರಲ್ಲಿ ದಕ್ಷಿಣದ ಸೈನಿಕರಿಗಾಗಿ ಮತ್ತೆ ತೆರೆಯಿತು. ಹನ್ನೊಂದು ಸಾವಿರಕ್ಕೂ ಮೀರಿ ಕೈದಿಗಳು ಅದರೊಳಗೆ ಹಾದುಹೋದರು. ಸಿಡುಬು ಹಬ್ಬಿದಾಗ ರೋಗಿಗಳನ್ನು ನದಿಯ ದ್ವೀಪಕ್ಕೆ ಸಾಗಿಸಿದರು. ಬಹಳ ಜನ ಅಲ್ಲಿಂದ ಮರಳಲಿಲ್ಲ. ಈಗ ಆ ಸೆರೆಮನೆಯಲ್ಲಿ ಉಳಿದಿರುವುದು ಕಲ್ಲುಗೋಡೆಯ ಒಂದು ತುಂಡು.

ಇಂದು ಆಲ್ಟನ್ ನೋಡಲು ಬರುವವರು ಹೆಚ್ಚಾಗಿ ಹುಡುಕುವುದು ಬೇರೆ ಗುರುತುಗಳನ್ನು. 1918ರಲ್ಲಿ ಇಲ್ಲಿ ಹುಟ್ಟಿ, 8 ಅಡಿ 11 ಇಂಚು ಬೆಳೆದು, ಇಪ್ಪತ್ತೆರಡಕ್ಕೇ ತೀರಿಕೊಂಡ ರಾಬರ್ಟ್ ವಾಡ್ಲೋ ಎಂಬ ಸೌಮ್ಯ ಹುಡುಗನ, ಅವನಷ್ಟೇ ಎತ್ತರದ ಪ್ರತಿಮೆ. 1926ರಲ್ಲಿ ಇಲ್ಲೇ ಹುಟ್ಟಿದ ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್‌ನ ಪ್ರತಿಮೆ. ಹಳದಿ ತಂತಿಗಳನ್ನು ಹಾಯಿಯಂತೆ ಬಿಚ್ಚಿಕೊಂಡು 1994ರಿಂದ ನದಿಯ ಮೇಲೆ ನಿಂತಿರುವ ಕ್ಲಾರ್ಕ್ ಸೇತುವೆ. ಅದಕ್ಕೆ ಹಿಂದಿನ ವರ್ಷವಷ್ಟೇ ಮಿಸಿಸಿಪ್ಪಿ ಉಕ್ಕಿ ಪೇಟೆಯ ತಗ್ಗಿನ ಬೀದಿಗಳಿಗೆ ನುಗ್ಗಿತ್ತು.

ಲವ್‌ಜಾಯ್‌ಗೆ ಊರು ಕಲ್ಲು ನೆಡಲು ದಶಕಗಳು ಬೇಕಾದವು. ಗುರುತಿಲ್ಲದ ಗೋರಿಯನ್ನು ಹುಡುಕಿಸಿ, ಎಲುಬುಗಳನ್ನು ತಕ್ಕ ಜಾಗಕ್ಕೆ ಸೇರಿಸಿ, ಚಿಕ್ಕ ಕಲ್ಲು ಇಡಿಸಿದವನು ಥಾಮಸ್ ಡಿಮ್ಮಾಕ್ ಎಂಬ ಪತ್ರಕರ್ತ. ಮಣ್ಣಾದವನನ್ನು ಇನ್ನು ಕಾಡಬೇಡಿರೆಂದು ಬೇಡಿಕೊಳ್ಳುವ ಲ್ಯಾಟಿನ್ ಬರಹ ಆ ಕಲ್ಲಿನ ಮೇಲಿದೆ. ಕೊನೆಗೆ 1897ರ ನವೆಂಬರಿನಲ್ಲಿ, ಅವನು ಸತ್ತ ಅರವತ್ತು ವರ್ಷಕ್ಕೆ, ಸ್ಮಶಾನದ ಗುಡ್ಡದ ಮೇಲೆ ಸುಮಾರು 110 ಅಡಿಯ ಸ್ತಂಭ ಎದ್ದಿತು. ತುದಿಯಲ್ಲಿ ರೆಕ್ಕೆಯುಳ್ಳ ವಿಜಯದೇವತೆ. ನದಿಯಲ್ಲಿ ಹೋಗುವವರಿಗೂ ಕಾಣುವಷ್ಟು ಎತ್ತರ.

ಅದೇ 1897ರ ಶರತ್ಕಾಲದಲ್ಲಿ, ಸ್ತಂಭದ ಕೆಲಸ ಮುಗಿಯುತ್ತಿದ್ದ ದಿನಗಳಲ್ಲೇ, ಆಲ್ಟನ್ ನಗರಸಭೆ ಕಪ್ಪು ಮಕ್ಕಳನ್ನು ಅವರು ಓದುತ್ತಿದ್ದ ಶಾಲೆಗಳಿಂದ ಹೊರಗೆ ಕಳಿಸಿತು. ಅವರಿಗಾಗಿ ಬೇರೆ ಎರಡು ಶಾಲೆ ತೆರೆಯಿತು. ಒಂದಕ್ಕೆ ಡಗ್ಲಸ್ ಎಂದು ಹೆಸರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೇಶವನ್ನೇ ಮಾತಿನಿಂದ ಅಲುಗಿಸಿದ ಫ್ರೆಡರಿಕ್ ಡಗ್ಲಸ್‌ನ ಹೆಸರು ಅದು. ಇನ್ನೊಂದಕ್ಕೆ ಲವ್‌ಜಾಯ್ ಶಾಲೆ ಎಂದೇ ಹೆಸರಿಟ್ಟರು. ಈ ಸಾಲು ಬರೆಯುವಾಗ ನನ್ನ ಕೈ ತಡೆಯುತ್ತದೆ. ಕೊಂದ ರಾತ್ರಿಯ ಗುಂಪಿಗೆ ಕುಡಿತವಿತ್ತು, ಕೋಪವಿತ್ತು. ಇದು ಹಗಲಲ್ಲಿ, ಕುರ್ಚಿಯ ಮೇಲೆ ಕೂತು, ಕಡತಕ್ಕೆ ಸಹಿ ಹಾಕಿ ಮಾಡಿದ್ದು.

ಸ್ಕಾಟ್ ಬಿಬ್ ಎಂಬ ಕಪ್ಪು ತಂದೆ ತನ್ನ ಇಬ್ಬರು ಮಕ್ಕಳ ಪರವಾಗಿ ಮೇಯರ್ ಮತ್ತು ನಗರಸಭೆಯ ಮೇಲೆ ದಾವೆ ಹೂಡಿದ. ಆತನಿಗೆ ಬೇಕಾದದ್ದು ಒಂದೇ, ಮಕ್ಕಳು ಮನೆಯ ಹತ್ತಿರದ ಶಾಲೆಗೆ ಹೋಗುವಂತಾಗಬೇಕು. ಏಳು ಸಲ ಜೂರಿಯ ಮುಂದೆ ವಿಚಾರಣೆಯಾಯಿತು. ಬಿಳಿಯರ ಜೂರಿಯಿಂದ ನ್ಯಾಯ ಹುಟ್ಟಲಿಲ್ಲ. ಐದು ಸಲ ಮೊಕದ್ದಮೆ ರಾಜ್ಯದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1908ರಲ್ಲಿ ಬಿಬ್ ಗೆದ್ದ. ಆದರೆ ಆದೇಶ ಅವನ ಇಬ್ಬರು ಮಕ್ಕಳಿಗೆ ಮಾತ್ರ ಅನ್ವಯಿಸುವಂಥದ್ದು, ಮತ್ತು ಆ ಇಬ್ಬರು ಅಷ್ಟರಲ್ಲಿ ಆ ಶಾಲೆಯ ವಯಸ್ಸನ್ನು ದಾಟಿ ಬೆಳೆದಿದ್ದರು. ಉಳಿದ ಕಪ್ಪು ಮಕ್ಕಳು ಎಂದಿನಂತೆ ಲವ್‌ಜಾಯ್ ಶಾಲೆಗೋ ಡಗ್ಲಸ್ ಶಾಲೆಗೋ ನಡೆದರು, ಇನ್ನೂ ನಾಲ್ಕು ದಶಕ.

ಏಳು ವರ್ಷ ಕಳೆದು, 1915ರಲ್ಲಿ, ದಡದ ಮೇಲೆ ಹಿಟ್ಟಿನ ಗಿರಣಿಯ ಪಾಯ ಅಗೆಯುತ್ತಿದ್ದವರಿಗೆ ಹಳೆಯ ಕೆಸರಿನಲ್ಲಿ ಕಬ್ಬಿಣದ ದೊಡ್ಡ ತುಂಡೊಂದು ಸಿಕ್ಕಿತು. ಅಚ್ಚುಯಂತ್ರದ ಚೌಕಟ್ಟಿನ ಭಾಗ. ಲವ್‌ಜಾಯ್ ಬಂದ 1836ರಲ್ಲೇ ಹುಟ್ಟಿದ ‘ಆಲ್ಟನ್ ಟೆಲಿಗ್ರಾಫ್’ ಪತ್ರಿಕೆಯವರು ಅದನ್ನು ತಂದು, ಬಂದವರೆಲ್ಲರಿಗೂ ಕಾಣುವಂತೆ ತಮ್ಮ ಕಚೇರಿಯ ಮುಂಭಾಗದಲ್ಲಿ ಬಹುಕಾಲ ಇಟ್ಟುಕೊಂಡಿದ್ದರು. ಗುಂಡಿ ಅಗೆದವರು ಅದನ್ನು ಮೇಲಕ್ಕೆತ್ತಿದ ದಿನ ಲವ್‌ಜಾಯ್ ಶಾಲೆಯ ಬೆಂಚುಗಳ ಮೇಲೆ ಕೂತಿದ್ದವರು ಕಪ್ಪು ಮಕ್ಕಳಷ್ಟೇ.